ಬೆಳಕಿನ ಅಕ್ಷರ: ಕಲಬುರಗಿಯ ರಂಗರಾತ್ರಿಗೊಂದು ದೀಪಫಲಕ

ಕಲಬುರಗಿ ನಗರದ ಪ್ರಮುಖ ರಂಗಮಂದಿರವು ನಟನೊಬ್ಬನ ಹೆಸರನ್ನಾಗಲಿ ನಾಟಕಕಾರನೊಬ್ಬನ ಹೆಸರನ್ನಾಗಲಿ ಹೊತ್ತಿಲ್ಲ. ಅದು ಚಿತ್ರಕಾರ ಡಾ. ಎಸ್.ಎಂ. ಪಂಡಿತರ ಹೆಸರಿನಲ್ಲಿದೆ. ಇದೇ ಊರಿನಲ್ಲಿ ೧೯೧೬ರಲ್ಲಿ ಜನಿಸಿ ೧೯೯೩ರಲ್ಲಿ ನಿಧನರಾದ ಪಂಡಿತರು ಪೌರಾಣಿಕ ಚಿತ್ರಗಳಿಂದಲೂ ಕ್ಯಾಲೆಂಡರುಗಳಿಂದಲೂ ಮನೆಮಾತಾದವರು. ಆದರೆ ಮುಂಬಯಿಯಲ್ಲಿ ಅವರ ಆರಂಭದ ದುಡಿಮೆ ನಡೆದದ್ದು ಸಿನಿಮಾ ಪ್ರಚಾರಕಲೆಯಲ್ಲಿ. ಮೆಟ್ರೊ ಚಿತ್ರಮಂದಿರಕ್ಕೆ ಬರುತ್ತಿದ್ದ ಎಂ.ಜಿ.ಎಂ. ಸಂಸ್ಥೆಯ ಚಿತ್ರಗಳಿಗೆ ಷೋಕಾರ್ಡುಗಳು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟಗಳು ಅವರ ಕುಂಚದಿಂದ ಬಂದವು. ಬೀದಿಯಲ್ಲಿ ಹೋಗುವವನನ್ನು ತಡೆದು ಒಳಗೆ ಕರೆಯುವ ಕಲೆಯಲ್ಲಿ ಪಳಗಿದ ಕೈಯೊಂದರ ಹೆಸರು ರಂಗಮಂದಿರದ ನೆತ್ತಿಯ ಮೇಲಿರುವುದು ಆಕಸ್ಮಿಕವಾದರೂ ಅರ್ಥಪೂರ್ಣವಾಗಿದೆ.

ಆ ಕಲೆಯ ಒಂದು ಸಣ್ಣ ಅಂಗವೇ ಪ್ರಸ್ತುತ ಲೇಖನದ ವಿಷಯ. ಹಾಡು, ನೃತ್ಯ, ವಿಡಂಬನೆಗಳು ಕೂಡಿದ ರಾತ್ರಿಯ ಪ್ರದರ್ಶನವೊಂದಕ್ಕೆ, ಇಂದಿನ ಮಾತಿನಲ್ಲಿ ‘ಕ್ಯಾಬರೆ ನೈಟ್’ ಎಂಬುದಕ್ಕೆ, ಹಳೆಯ ಧಾಟಿಯ ದೀಪಫಲಕವನ್ನೂ ಅದರೊಡನೆ ಹೊಂದುವ ಪ್ರಚಾರದ ಗುರುತನ್ನೂ ಕನ್ನಡದಲ್ಲಿ ರೂಪಿಸುವುದು ಹೇಗೆ? ಇಂಥ ಕೆಲಸ ಕೈಗೆ ಬಂದಾಗ ನಮ್ಮ ವಿನ್ಯಾಸಕಾರರು ಸಾಮಾನ್ಯವಾಗಿ ಪ್ಯಾರಿಸ್ಸಿನ ಇಲ್ಲವೆ ಅಮೆರಿಕದ ಮಾದರಿಗಳನ್ನು ಮುಂದಿಟ್ಟುಕೊಂಡು, ರೋಮನ್ ಅಕ್ಷರಗಳಿಗೆಂದು ಹುಟ್ಟಿದ ಚೌಕಟ್ಟಿನೊಳಗೆ ಕನ್ನಡವನ್ನು ತುರುಕುತ್ತಾರೆ. ನಮಗೆ ನಮ್ಮದೇ ಆದ ‘ಹಳೆಯದು’ ಇದೆ ಎಂಬುದು ಮರೆತುಹೋಗುತ್ತದೆ.

‘ಕ್ಯಾಬರೆ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಅಂಟಿಕೊಂಡಿರುವ ಅರ್ಥ ಬಹುಮಟ್ಟಿಗೆ ಚಲನಚಿತ್ರಗಳಿಂದ ಬಂದದ್ದು; ಖಳನಾಯಕನ ಅಡ್ಡೆ, ಮದ್ಯದ ಬಟ್ಟಲು, ಒಬ್ಬ ನರ್ತಕಿ. ಆಡಳಿತದ ಭಾಷೆಯೂ ಇದಕ್ಕಿಂತ ದೂರ ಹೋಗಿಲ್ಲ. ಬೆಂಗಳೂರು ನಗರಕ್ಕೆ ಅನ್ವಯಿಸುವ ೨೦೦೫ರ ಮನರಂಜನಾ ಸ್ಥಳಗಳ ಪರವಾನಗಿ ಆದೇಶವು ಕ್ಯಾಬರೆಯನ್ನು ಡಿಸ್ಕೊಥೆಕ್ಕಿನೊಡನೆ ಸೇರಿಸಿಯೇ ಹೇಳುತ್ತದೆ. ಆದರೆ ೧೮೮೧ರಲ್ಲಿ ಪ್ಯಾರಿಸ್ಸಿನಲ್ಲಿ ರೊಡಾಲ್ಫ್ ಸಾಲಿಸ್ ಆರಂಭಿಸಿದ ‘ಷಾ ನ್ವಾರ್’ ಎಂಬ ಕ್ಯಾಬರೆಯಲ್ಲಿ ಕವಿತೆ, ಹಾಡು, ನೆರಳಾಟ ಮತ್ತು ಅಧಿಕಾರಸ್ಥರ ಗೇಲಿ ಮುಖ್ಯವಾಗಿದ್ದವು. ಈ ಅರ್ಥದಲ್ಲಿ ನೋಡಿದರೆ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವು ಅದಕ್ಕೆ ಹತ್ತಿರದ ಬಂಧು. ಕಥೆಯ ಎಳೆ ನೆಪಕ್ಕೆ. ಅಂದಿನ ಪತ್ರಿಕೆಯ ಸುದ್ದಿ ಅಂದಿನ ರಾತ್ರಿಯೇ ರಂಗದ ಮೇಲೆ ಮಾತಾಗಿ ಸಿಡಿಯುತ್ತಿತ್ತು.

ಕಂಪನಿ ನಾಟಕಗಳೇ ನಮ್ಮ ದೀಪಫಲಕದ ತವರು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಅದ್ಧೂರಿ ರಂಗಸಜ್ಜಿಕೆಗೂ ಬೆಳಕಿನ ವೈಭವಕ್ಕೂ ಹೆಸರಾಗಿತ್ತು. ಉತ್ತರ ಕರ್ನಾಟಕದಲ್ಲಿ ಕಂಪನಿಗಳು ಜಾತ್ರೆಯ ಕಾಲವನ್ನು ಅನುಸರಿಸಿ ಕ್ಯಾಂಪು ಹಾಕುತ್ತ ಬಂದಿವೆ. ಬಾದಾಮಿಯ ಬನಶಂಕರಿ ಜಾತ್ರೆ, ಹೋಳಿ ಹುಣ್ಣಿಮೆಯ ಅನಂತರದ ಐದನೆಯ ದಿನ ರಥ ಎಳೆಯುವ ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಇಂಥವು. ತಗಡಿನ ಥೇಟರಿನ ಮುಂದೆ ಎತ್ತರದ ಕಮಾನು, ಅದರ ಮೇಲೆ ಕಂಪನಿಯ ಹೆಸರು, ಕೆಳಗೆ ನಾಟಕದ ಹೆಸರು, ಇಕ್ಕೆಲದಲ್ಲಿ ನಟನಟಿಯರ ಆಳೆತ್ತರದ ಚಿತ್ರಗಳು, ಸುತ್ತ ಬಲ್ಬಿನ ಸಾಲು. ಹಗಲಲ್ಲಿ ಬಣ್ಣದ ಕಾಗದದ ಹ್ಯಾಂಡ್‌ಬಿಲ್ಲು ಮತ್ತು ಧ್ವನಿವರ್ಧಕ ಹೊತ್ತ ಗಾಡಿ ಮಾಡುತ್ತಿದ್ದ ಕೆಲಸವನ್ನು ರಾತ್ರಿ ಆ ಕಮಾನು ವಹಿಸಿಕೊಳ್ಳುತ್ತಿತ್ತು.

ಓಡುವ ದೀಪದ ತಂತ್ರ ಸರಳವಾದರೂ ವಿವರಣೆಗೆ ಅರ್ಹವಾಗಿದೆ. ಚೌಕಟ್ಟಿನ ಬಲ್ಬುಗಳನ್ನು ಮೂರು ಸುತ್ತುಗಳಾಗಿ ಹಂಚಲಾಗುತ್ತದೆ: ೧, ೪, ೭ನೆಯವು ಒಂದು ತಂತಿಗೆ, ೨, ೫, ೮ನೆಯವು ಇನ್ನೊಂದಕ್ಕೆ, ೩, ೬, ೯ನೆಯವು ಮತ್ತೊಂದಕ್ಕೆ. ಸಣ್ಣ ಮೋಟಾರಿನಿಂದ ತಿರುಗುವ ಉರುಳೆಯೊಂದು ಈ ಮೂರಕ್ಕೂ ಸರದಿಯಂತೆ ವಿದ್ಯುತ್ತು ಕೊಟ್ಟಾಗ ಬೆಳಕು ಒಂದು ದಿಕ್ಕಿಗೆ ಓಡಿದಂತೆ ಕಾಣುತ್ತದೆ. ಎರಡೇ ಸುತ್ತುಗಳಿದ್ದರೆ ದೀಪ ಮಿನುಗುತ್ತದೆಯೇ ಹೊರತು ಓಡುವುದಿಲ್ಲ. ಕಣ್ಣಿಗೆ ದಿಕ್ಕು ತಿಳಿಯಲು ಕನಿಷ್ಠ ಮೂರು ಬೇಕು. ಇಂದು ಉರುಳೆಯ ಸ್ಥಾನವನ್ನು ಅಂಗೈಯಗಲದ ವಿದ್ಯುನ್ಮಾನ ನಿಯಂತ್ರಕ ಪಡೆದಿದೆ, ತತ್ತ್ವ ಬದಲಾಗಿಲ್ಲ. ಓಟದ ದಿಕ್ಕು ಟಿಕೇಟಿನ ಕಿಟಕಿಯ ಕಡೆಗಿರಬೇಕೆಂಬುದು ಸಣ್ಣ ಮಾತು, ಆದರೆ ಅದನ್ನು ತಪ್ಪಿಸಿದ ಫಲಕಗಳೇ ಹೆಚ್ಚು.

ಕಂಪನಿಗಳ ಈ ಪರಂಪರೆಯನ್ನು ಕಣ್ಣು ಮುಚ್ಚಿ ಕೊಂಡಾಡುವಂತಿಲ್ಲ. ಸಿನಿಮಾದ ಸ್ಪರ್ಧೆ ಬಿಗಿಯಾದಂತೆ, ದೃಶ್ಯಗಳ ನಡುವೆ ಚಿತ್ರಗೀತೆಗಳಿಗೆ ಕುಣಿಸುವ ‘ರೆಕಾರ್ಡ್ ಡಾನ್ಸ್’ ಕೆಲವು ಕಂಪನಿಗಳಿಗೆ ಅನಿವಾರ್ಯವೆನಿಸಿತು. ಆಗ ಕಮಾನಿನ ಚಿತ್ರವೂ ಬದಲಾಯಿತು. ನಟಿಯ ಹೆಸರು ಚಿಕ್ಕದಾಯಿತು, ಮೈ ದೊಡ್ಡದಾಯಿತು. ಕೆಲವೊಮ್ಮೆ ಹೆಸರೇ ಇಲ್ಲವಾಗಿ, ಯಾವುದೋ ಚಿತ್ರತಾರೆಯ ಹೋಲಿಕೆ ಮಾತ್ರ ಉಳಿಯಿತು. ಒಳಗೆ ಎರಡೂವರೆ ತಾಸು ಮಾತು, ಹಾಡು, ಅಳು, ನಗುಗಳನ್ನು ಹೊರುತ್ತಿದ್ದ ಕಲಾವಿದೆ ಹೊರಗೆ ಅನಾಮಿಕಳಾದಳು. ಚಿಂದೋಡಿ ಲೀಲಾ ಅವರಿಗೆ ೧೯೮೮ರಲ್ಲಿ, ೧೯೫೮ರಲ್ಲಿ ಮಹಿಳೆಯರದೇ ನಾಟಕ ಮಂಡಳಿ ಕಟ್ಟಿದ ಆರ್. ನಾಗರತ್ನಮ್ಮನವರಿಗೆ ೨೦೧೨ರಲ್ಲಿ ಪದ್ಮಶ್ರೀ ಸಂದದ್ದು ನಿಜ. ಆದರೆ ಅವರ ಪೀಳಿಗೆಯ ನೂರಾರು ನಟಿಯರ ಹೆಸರುಗಳನ್ನು ಹುಡುಕಹೊರಟ ಸಂಶೋಧಕನಿಗೆ ಹರಕು ಹ್ಯಾಂಡ್‌ಬಿಲ್ಲುಗಳೇ ಗತಿ. ಫಲಕದಲ್ಲಿ ಬರೆಯದೆ ಬಿಟ್ಟದ್ದು ಚರಿತ್ರೆಯಲ್ಲಿಯೂ ಬಿಟ್ಟುಹೋಗುತ್ತದೆ. ಈ ವಿಷಯದಲ್ಲಿ ಪ್ಯಾರಿಸ್ಸಿನಿಂದ ಕಲಿಯುವುದಿದೆ: ೧೮೮೯ರಲ್ಲಿ ತೆರೆದ ‘ಮುಲಾಂ ರೂಜ್’ಗಾಗಿ ತುಲೂಸ್ ಲೋತ್ರೆಕ್ ೧೮೯೧ರಲ್ಲಿ ರಚಿಸಿದ ಭಿತ್ತಿಚಿತ್ರವು ನರ್ತಕಿಯ ರಂಗನಾಮವಾದ ‘ಲಾ ಗುಲ್ಯು’ ಎಂಬುದನ್ನು ಸ್ಥಳದ ಹೆಸರಿನ ಮಗ್ಗುಲಲ್ಲೇ ಮುದ್ರಿಸಿತ್ತು.

ಇನ್ನು ಅಕ್ಷರದ ಪ್ರಶ್ನೆ. ದೀಪಫಲಕದಲ್ಲಿ ಎರಡು ಬಗೆಗಳಿವೆ. ಒಂದು, ತಗಡಿನ ಅಕ್ಷರದ ಮೈಮೇಲೆ ಬಲ್ಬುಗಳನ್ನು ಸಾಲಾಗಿ ಕೂರಿಸುವುದು. ಮತ್ತೊಂದು, ಬೆಳಕಿನ ಕೊಳವೆಯನ್ನೇ ಅಕ್ಷರವಾಗಿ ಬಾಗಿಸುವುದು. ಫ್ರಾನ್ಸಿನ ಜಾರ್ಜ್ ಕ್ಲೋದ್ ೧೯೧೦ರಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ನಿಯಾನ್ ಕೊಳವೆಯನ್ನು ಬೆಳಗಿಸಿ ತೋರಿಸಿದ ಮೇಲೆ ಈ ಎರಡನೆಯ ಬಗೆ ಹಬ್ಬಿತು. ಗಾಜಿನ ನಿಯಾನಿಗೆ ಸಾವಿರಾರು ವೋಲ್ಟುಗಳ ಒತ್ತಡ ಬೇಕು. ಶುದ್ಧ ನಿಯಾನ್ ಕೆಂಪು-ಕಿತ್ತಳೆ ಬಣ್ಣವನ್ನು ಕೊಡುತ್ತದೆ, ನೀಲಿಗೆ ಆರ್ಗಾನ್ ಮತ್ತು ಪಾದರಸ ಬೇಕಾಗುತ್ತದೆ. ಇಂದು ‘ನಿಯಾನ್’ ಎಂಬ ಹೆಸರಿನಲ್ಲಿ ಮಾರುವುದು ಬಹುತೇಕ ಸಿಲಿಕೋನಿನ ಕೊಳವೆಯೊಳಗಿನ ಎಲ್‌ಇಡಿ ಪಟ್ಟಿ. ಅದು ೧೨ ಇಲ್ಲವೆ ೨೪ ವೋಲ್ಟಿನಲ್ಲಿ ಉರಿಯುವುದರಿಂದ ಊರೂರು ಸುತ್ತುವ ತಂಡಕ್ಕೆ ಸುರಕ್ಷಿತ. ನಿಯಾನಿನ ಆ ಕೆಂಡದ ಕಾಂತಿ ಅದರಲ್ಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಕನ್ನಡ ಲಿಪಿಯ ದುಂಡುತನ ಕೊಳವೆಗೆ ಹೇಳಿಮಾಡಿಸಿದಂತಿದೆ. ರ, ಲ, ಗ, ನ ಮುಂತಾದವುಗಳಲ್ಲಿ ಚೂಪು ಮೂಲೆಗಳಿಲ್ಲ. ಬಾಗು ಸರಾಗವಾಗಿ ಸಾಗುತ್ತದೆ. ಆದರೆ ಬೆಳಕಿಗೆ ಹರಡುವ ಗುಣವಿದೆ. ರಾತ್ರಿ ದೂರದಿಂದ ನೋಡುವಾಗ ಪ್ರತಿಯೊಂದು ಗೆರೆಯೂ ತನ್ನ ಅಗಲಕ್ಕಿಂತ ದಪ್ಪವಾಗಿ ಕಂಡು ಅಕ್ಷರದ ಒಳಗಿನ ಸಣ್ಣ ಬಯಲುಗಳನ್ನು ಮುಚ್ಚುತ್ತದೆ. ನಮ್ಮ ಲಿಪಿಯಲ್ಲಿ ಅರ್ಥಭೇದವೆಲ್ಲ ಇಂಥ ಸಣ್ಣ ಜಾಗಗಳಲ್ಲಿಯೇ ಇದೆ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ದ ಮತ್ತು ಧ ನಡುವೆ ಇರುವುದು ಹೊಕ್ಕಳು ಸೀಳು. ಪ, ಫ, ಷಗಳ ಕಥೆಯೂ ಅದೇ. ಕಾಗದದ ಮೇಲೆ ಸ್ಪಷ್ಟವಾಗಿದ್ದ ‘ಧ’ವು ಬಲ್ಬಿನಲ್ಲಿ ‘ದ’ವಾಗಿಬಿಡುತ್ತದೆ. ಆದ್ದರಿಂದ ದೀಪದ ಅಕ್ಷರವನ್ನು ಗಣಕದ ಸಿದ್ಧ ಅಚ್ಚಿನಿಂದ ಹಿಗ್ಗಿಸಿ ತೆಗೆಯದೆ ಹೊಸದಾಗಿಯೇ ಬರೆಯಬೇಕು: ಗೆರೆ ತೆಳುವಾಗಬೇಕು, ಒಳಬಯಲು ಹಿರಿದಾಗಬೇಕು, ಸೀಳನ್ನು ಒಂದಿಷ್ಟು ಉತ್ಪ್ರೇಕ್ಷಿಸಬೇಕು. ಹಳೆಯ ಬೋರ್ಡು ಬರೆಯುವ ಪೇಂಟರುಗಳ ಕೈಗೆ ಇಂಥ ತಿದ್ದುಪಡಿ ಹೊಸದಲ್ಲ.

ಒತ್ತಕ್ಷರ ಇದಕ್ಕಿಂತ ದೊಡ್ಡ ತೊಡಕು. ಅದು ಸಾಲಿನ ಕೆಳಗೆ ಇಳಿದು ಇನ್ನೊಂದು ಅಂತಸ್ತನ್ನೇ ಕೇಳುತ್ತದೆ. ಗಾತ್ರದಲ್ಲಿ ಕಿರಿದಾದ್ದರಿಂದ ಮೊದಲು ಕರಗುವುದೂ ಅದೇ. ಇಲ್ಲಿ ಒಂದು ಕುತೂಹಲಕರ ಅಂಶವನ್ನು ಗಮನಿಸಬಹುದು. ‘ಗುಲ್ಬರ್ಗಾ’ ಎಂದು ಬರೆಯುವಾಗ ಒಂದು ಒತ್ತು, ಒಂದು ಅರ್ಕಾವತ್ತು ಬೇಕು. ಅರ್ಕಾವತ್ತು ದೂರಕ್ಕೆ ೯ ಎಂಬ ಅಂಕಿಯಂತೆಯೂ ಕಂಡೀತು. ೨೦೧೪ರ ನವೆಂಬರ್ ೧ರಂದು ಅಧಿಕೃತವಾದ ‘ಕಲಬುರಗಿ’ ಎಂಬ ಹೆಸರಿನಲ್ಲಿ ಒಂದು ಒತ್ತಕ್ಷರವೂ ಇಲ್ಲ. ‘ಕಮಲಾಪುರ’ದಲ್ಲಿಯೂ ಇಲ್ಲ. ದೀಪಫಲಕ ಬರೆಯುವವನಿಗೆ ಇಂಥ ಅನುಕೂಲ ಎಲ್ಲ ಊರುಗಳಲ್ಲಿ ಸಿಗದು. ಪ್ರದರ್ಶನದ ಹೆಸರಿಗೂ ಇದೇ ನಿಯಮವನ್ನು ಅನ್ವಯಿಸಬಹುದು: ‘ರಾತ್ರಿ’ಯಲ್ಲಿ ಒತ್ತು ಇದೆ, ‘ಇರುಳು’ವಿನಲ್ಲಿ ಇಲ್ಲ, ‘ಕ್ಯಾಬರೆ’ಯಲ್ಲಿ ಇದೆ, ‘ರಂಗ’ದಲ್ಲಿ ಇಲ್ಲ. ‘ಕಲಬುರಗಿ ಇರುಳು’ ಎಂಬುದು ಒಂದೇ ಅಂತಸ್ತಿನಲ್ಲಿ ನಿಲ್ಲುವ ಹೆಸರು.

ಇದರ ಬೆಲೆ ತಿಳಿಯಬೇಕಾದರೆ ತಂಡವು ನಗರದಿಂದ ಕಮಲಾಪುರಕ್ಕೆ ಹೋದಾಗ ಏನಾಗುತ್ತದೆಂಬುದನ್ನು ಲೆಕ್ಕ ಹಾಕಬೇಕು. ಜಾತ್ರೆಯ ಬಯಲಿನಲ್ಲಿ ನಡೆದುಬರುವವನು ಐವತ್ತು ಅಡಿಯಿಂದ ಫಲಕವನ್ನು ಓದುತ್ತಾನೆ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರ ಎಂಬ ಫಲಕಕಾರರ ರೂಢಿಯ ಪ್ರಕಾರ ಅವನಿಗೆ ೫ ಅಂಗುಲದ ಅಕ್ಷರ ಸಾಕು. ಕಮಲಾಪುರವಾದರೋ ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಗಂಟೆಗೆ ೬೦ ಕಿ.ಮೀ. ವೇಗದ ವಾಹನ ನಾಲ್ಕು ಸೆಕೆಂಡಿನಲ್ಲಿ ಸುಮಾರು ೬೭ ಮೀಟರ್, ಎಂದರೆ ೨೨೦ ಅಡಿ ಕ್ರಮಿಸುತ್ತದೆ. ಆ ನಾಲ್ಕು ಸೆಕೆಂಡಿನಲ್ಲಿ ಓದಿ ಮುಗಿಯಬೇಕಾದರೆ ಅಕ್ಷರ ೨೨ ಅಂಗುಲ ಬೇಕು. ಒತ್ತಕ್ಷರವಿದ್ದರೆ ಸಾಲು ಒಂದೂವರೆ ಪಟ್ಟಾಗಿ ೩೩ ಅಂಗುಲವಾಗುತ್ತದೆ. ಹಲಗೆ, ಚೌಕಟ್ಟು, ಬಲ್ಬು, ಸಾಗಾಟ ಎಲ್ಲವೂ ಅದರೊಡನೆ ಬೆಳೆಯುತ್ತವೆ. ಆದ್ದರಿಂದ ಹೆದ್ದಾರಿಗೆ ಒಂದೇ ಪದ, ಜಾತ್ರೆಗೆ ಪೂರ್ತಿ ಹೆಸರು ಎಂದು ಎರಡು ತುಂಡುಗಳಾಗಿ ಫಲಕವನ್ನು ಕಟ್ಟುವುದು ಲೇಸು. ಕಮಲಾಪುರದ ಹೆಸರಾಂತ ಕೆಂಪುಬಾಳೆಯ ಸಿಪ್ಪೆಯ ಬಣ್ಣವನ್ನೇ ಪ್ರಚಾರದ ಬಣ್ಣವಾಗಿಸುವ ಆಸೆ ಯಾರಿಗೂ ಹುಟ್ಟಬಹುದು. ಹಗಲಿನ ಹ್ಯಾಂಡ್‌ಬಿಲ್ಲಿಗೆ ಅದು ಸೊಗಸು; ರಾತ್ರಿಯ ಹಲಗೆಗೆ ಆ ಕಗ್ಗೆಂಪು ಹಿನ್ನೆಲೆಯಾಗಬಲ್ಲದೇ ಹೊರತು ಅಕ್ಷರವಾಗಲಾರದು.

ಬಣ್ಣದ ವಿಷಯದಲ್ಲಿ ಪಂಡಿತರತ್ತ ಮರಳಬೇಕಾಗುತ್ತದೆ. ಅವರ ಚಿತ್ರಗಳಲ್ಲಿ ಕತ್ತಲೆ ಹಿಂದೆ ಸರಿದು ಮುಖ ಮತ್ತು ಮೈ ತಾವೇ ಬೆಳಗಿದಂತೆ ತೋರುತ್ತವೆ; ಬೆಳಕನ್ನು ಬಣ್ಣದಿಂದಲೇ ಸಾಧಿಸಿದ ಕೈ ಅದು. ಕಮಾನಿನ ಮೇಲಿನ ಕಲಾವಿದೆಯ ಚಿತ್ರಕ್ಕೆ ಈ ಮಾರ್ಗವೇ ಒಳ್ಳೆಯದು. ಚಿತ್ರದ ಮೇಲೆ ಬಲ್ಬು ಕೂರಿಸಬಾರದು. ಸುತ್ತಲಿನ ಸಾಲಿನಿಂದ ಸುಮಾರು ೨೭೦೦ ಕೆಲ್ವಿನ್‌ನ ಹಳದಿ ಬೆಳಕು ಅದರ ಮೇಲೆ ಬೀಳಲಿ. ೨೦೧೬ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಬ್ಯಾನರು, ಫ್ಲೆಕ್ಸುಗಳನ್ನು ನಿಷೇಧಿಸಿದ ಮೇಲೆಯೂ ಅವು ಬೀದಿಯಿಂದ ಮರೆಯಾಗಿಲ್ಲ. ಬಟ್ಟೆ, ತಗಡು, ಎಣ್ಣೆಬಣ್ಣಗಳಿಗೆ ಮರಳುವುದು ಅಂದಕ್ಕೂ ಸರಿ, ಕಾನೂನಿಗೂ ಸರಿ.

ಪ್ರಚಾರದ ಗುರುತು ಎಂದರೆ ಫಲಕದ ಅಕ್ಷರವೇ ಟಿಕೇಟು, ಹ್ಯಾಂಡ್‌ಬಿಲ್ಲು, ಮೊಬೈಲಿನ ಚಿತ್ರಗಳಲ್ಲಿ ಚಿಕ್ಕದಾಗಿ ಮತ್ತೆ ಕಾಣಿಸಿಕೊಳ್ಳುವುದು. ಇದರಲ್ಲಿ ವಿಶೇಷ ಜಟಿಲತೆ ಇಲ್ಲ. ಆದರೆ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನಗರದಲ್ಲಿ ಉರ್ದು ಸಾಲೊಂದನ್ನು ಬಿಡುವಂತಿಲ್ಲ. ಬಲದ ಮೇಲ್ಗಡೆಯಿಂದ ಎಡಕ್ಕೆ ಇಳಿಯುತ್ತ ಸಾಗುವ ನಸ್ತಲೀಖ್ ಬರಹ ಬಲ್ಬಿನ ನೇರ ಸಾಲಿಗೆ ಒಗ್ಗದು. ಅದನ್ನು ಬಣ್ಣದಲ್ಲಿಯೇ ಬರೆದು ಹೊರಗಿನ ಬೆಳಕನ್ನು ಬೀಳಿಸುವುದು ಮೇಲು. ನಾಮಫಲಕಗಳಲ್ಲಿ ಶೇ. ೬೦ರಷ್ಟು ಕನ್ನಡವಿರಬೇಕೆಂಬ ೨೦೨೪ರ ತಿದ್ದುಪಡಿಯೂ ಮೂಲ ವಿನ್ಯಾಸ ಕನ್ನಡದಲ್ಲಿಯೇ ಹುಟ್ಟಬೇಕೆಂಬ ವಾದಕ್ಕೆ ಬಲ ಕೊಡುತ್ತದೆ.

ಕೊನೆಯದಾಗಿ ಕಲಾವಿದೆಯರ ಹೆಸರಿನ ಪಟ್ಟಿ. ಪ್ರದರ್ಶನದ ಹೆಸರನ್ನು ಫಲಕದ ಅನುಕೂಲಕ್ಕೆ ಆರಿಸಿಕೊಳ್ಳಬಹುದು, ವ್ಯಕ್ತಿಯ ಹೆಸರನ್ನು ಹಾಗೆ ಮಾಡಲಾಗದು. ‘ನಾಗರತ್ನಮ್ಮ’ ಎಂಬಲ್ಲಿ ಎರಡು ಒತ್ತುಗಳಿವೆ. ‘ಲಕ್ಷ್ಮಿ’ ಎಂಬ ಎರಡಕ್ಷರದ ಹೆಸರಿನಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು ತಗಲುತ್ತವೆ. ಆದುದರಿಂದ ಕಮಾನಿನಲ್ಲಿ ಮುಖ್ಯ ಹೆಸರಿನ ಕೆಳಗೆ, ಕ್ಯಾಂಪಿನಿಂದ ಕ್ಯಾಂಪಿಗೆ ಕಳಚಿ ಜೋಡಿಸಬಹುದಾದ ತಗಡಿನ ಪಟ್ಟಿಯೊಂದನ್ನು ಮೊದಲೇ ಯೋಜಿಸಿಕೊಂಡು, ಅದರ ಎತ್ತರವನ್ನು ಅಕ್ಷರದ ಎರಡು ಪಟ್ಟು ಇಡಬೇಕು, ಮತ್ತು ಅದಕ್ಕೆ ಓಡುವ ದೀಪವನ್ನು ಜೋಡಿಸದೆ ನಿಂತ ಬೆಳಕನ್ನು ಕೊಡಬೇಕು.