ಬೀದರ ಕೋಟೆಯೂ ಕಂಪನಿಯ ಕಾಲದ ಗಡಿಯೂ

ಬೀದರ ಕೋಟೆಯ ಚರಿತ್ರೆಯನ್ನು 1657ರ ಮುತ್ತಿಗೆಯೊಡನೆ ಮುಗಿಸಿಬಿಡುವುದು ಅಧ್ಯಾಪಕರಾದ ನಮ್ಮಲ್ಲಿ ಒಂದು ರೂಢಿಯೇ ಆಗಿದೆ. ಔರಂಗಜೇಬನ 27 ದಿನಗಳ ಮುತ್ತಿಗೆ, ಮದ್ದಿನ ಸ್ಫೋಟ, ಕೋಟೆಯನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನನ ಮರಣ, ಇಷ್ಟನ್ನು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ಆ ಸೋಲಿನಿಂದ ಕೋಟೆಯ ಕೆಲಸವೇನೂ ಮುಗಿಯಲಿಲ್ಲ. ಅದನ್ನು ಮುಗಿಸಿದ್ದು ಫಿರಂಗಿಯಲ್ಲ, ಒಂದು ಕರಾರು ಎಂಬುದು ನಮ್ಮ ಅಭಿಪ್ರಾಯ.

ಬಹಮನಿ ಅಹಮದ್ ಶಹನು ರಾಜಧಾನಿಯನ್ನು ಗುಲ್ಬರ್ಗೆಯಿಂದ ಇಲ್ಲಿಗೆ ತಂದನು; ಕೋಟೆಯು 1432ರ ಸುಮಾರಿಗೆ ಪೂರ್ಣಗೊಂಡಿತು. ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು, ನಡುವೆ ಬಂಡೆಯ ಗೋಡೆಗಳನ್ನು ಉಳಿಸಿ, ಮೂರು ಸಾಲಾಗಿ ತೋಡಿದ ಕಂದಕವನ್ನು ನೋಡಿದವರಿಗೆ ಇದು ಕೇವಲ ಅರಮನೆಯ ಆವರಣವಲ್ಲವೆಂಬುದು ತಾನಾಗಿಯೇ ಮನದಟ್ಟಾಗುತ್ತದೆ. ದೆಹಲಿ, ಕಲ್ಯಾಣಿ, ಕರ್ನಾಟಕ ಎಂಬ ಬಾಗಿಲುಗಳ ಹೆಸರುಗಳೂ ಗಮನಾರ್ಹವಾಗಿವೆ. 1462ರಲ್ಲಿ ಮಾಳವದ ಮಹಮೂದ್ ಖಿಲ್ಜಿಯು ಬೀದರದವರೆಗೂ ಬಂದುದನ್ನು ನೆನೆದರೆ, ಇಂಥ ಕಂದಕವು ಅನಾವಶ್ಯಕವೆಂದು ಯಾರೂ ಹೇಳಲಾರರು.

ಹದಿನೆಂಟನೆಯ ಶತಮಾನದಲ್ಲಿ ಬೀದರವು ನಿಜಾಮನ ವಶಕ್ಕೆ ಬಂದು, ಪೇಶ್ವೆಯ ರಾಜ್ಯದ ಕಡೆಗೆ ಮುಖಮಾಡಿದ ಗಡಿಯ ಕೋಟೆಯಾಯಿತು. ವಾಯವ್ಯದ ಭಾಲ್ಕಿಯು ಮರಾಠಾ ಸೇನಾನಿ ಧನಾಜಿ ಜಾಧವನ ಮಗನೂ, ಮರಾಠರನ್ನು ಬಿಟ್ಟು ನಿಜಾಮನನ್ನು ಸೇರಿದವನೂ ಆದ ಚಂದ್ರಸೇನ ಜಾಧವನ ಜಹಗೀರಾಗಿತ್ತು. ಮರಾಠರನ್ನು ತಡೆಯಲು ಮರಾಠಾ ಸರದಾರನೇ! ಇದರಿಂದ ಗಡಿಯ ರಾಜಕಾರಣದ ಸ್ವರೂಪವು ಚೆನ್ನಾಗಿ ತಿಳಿಯುತ್ತದೆ. ಭಾಲ್ಕಿಯಿಂದಾಚೆ ಇರುವ ಉದಗೀರದಲ್ಲಿ 1760ರಲ್ಲಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದನು. ಎರಡು ವರ್ಷಗಳ ತರುವಾಯ ನಿಜಾಮ್ ಅಲಿಯು ಪದಚ್ಯುತಗೊಳಿಸಿದ ಅಣ್ಣ ಸಲಾಬತ್ ಜಂಗನನ್ನು ಸೆರೆಯಿಟ್ಟದ್ದು ಬೀದರ ಕೋಟೆಯಲ್ಲಿಯೇ. ಅವನು 1763ರಲ್ಲಿ ಅಲ್ಲಿಯೇ ಸತ್ತನು.

ಇನ್ನು ಕರಾರಿನ ವಿಷಯ. 1795ರಲ್ಲಿ ಖರ್ಡಾದಲ್ಲಿ ಮರಾಠರಿಂದ ಮತ್ತೆ ಸೋತ ನಿಜಾಮನು 1798ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಒಳಪಟ್ಟನು. 1800ರ ಕರಾರಿನಂತೆ ಆ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ, ಕಡಪೆ ಮೊದಲಾದ ಪ್ರಾಂತಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ರಾಜ್ಯರಕ್ಷಣೆಯ ಭಾರವು ಕಂಪನಿಗೆ ಸೇರಿತು; ಅದರ ದಂಡು ನಿಂತದ್ದು ಬೀದರದಲ್ಲಲ್ಲ, ಸಿಕಂದರಾಬಾದಿನಲ್ಲಿ. 1818ರಲ್ಲಿ ಪೇಶ್ವೆಯ ಆಳಿಕೆಯೂ ಕೊನೆಗೊಂಡಾಗ, ಬೀದರದ ಬುರುಜುಗಳು ಎದುರಿಸಬೇಕಾಗಿದ್ದ ವೈರಿಯೇ ಇಲ್ಲವಾದನು. ಗಡಿಯಾಚೆಗಿದ್ದದ್ದೂ ಕಂಪನಿ, ಈಚೆಗೆ ಕಾವಲಿದ್ದದ್ದೂ ಕಂಪನಿ. ಕೋಟೆಯು ಇಷ್ಟೊಂದು ಉಳಿದುಬಂದಿರುವುದಕ್ಕೆ ಈ ನಿರುದ್ಯೋಗವೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಮುಂದೆ ಅದು ಪ್ರಾಕ್ತನ ಇಲಾಖೆಯ ಆರೈಕೆಗೆ ಬಂದಿತು. ಗುಲಾಮ್ ಯಜ್ದಾನಿಯವರ ಬೃಹದ್ಗ್ರಂಥವು 1947ರಲ್ಲಿ ಪ್ರಕಟವಾಯಿತು.

1956ರಲ್ಲಿ ಗಡಿಯು ಮತ್ತೆ ಬೀದರದ ಬಳಿಗೆ ಬಂದಿತು, ಈ ಸಲ ಭಾಷೆಯ ಗಡಿಯಾಗಿ. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ ಹೋದವು. ಆದಕಾರಣ ವಿದ್ಯಾರ್ಥಿಗಳನ್ನು ಬೀದರಕ್ಕೆ ಕರೆದೊಯ್ಯುವ ಅಧ್ಯಾಪಕರು ಭಾಲ್ಕಿಯ ಮಾರ್ಗವಾಗಿ, ಈಗ ಮಹಾರಾಷ್ಟ್ರದಲ್ಲಿರುವ ಉದಗೀರದ ಕೋಟೆಯನ್ನೂ ಅದೇ ಪ್ರವಾಸದಲ್ಲಿ ತೋರಿಸುವುದು ಒಳ್ಳೆಯದು.