ಇಲ್ಬರ್ಟ್ ಮಸೂದೆಯೂ ಆಂಗ್ಲ ಮಹಿಳೆಯರೂ

1883ನೆಯ ಇಸವಿಯ ಇಲ್ಬರ್ಟ್ ಮಸೂದೆಯ ವೃತ್ತಾಂತವು ವಾಚಕರಿಗೆ ಅಪರಿಚಿತವಾದುದಲ್ಲ. ಆದರೆ ಆ ಕೋಲಾಹಲದಲ್ಲಿ ಬಿಳಿಯ ಸ್ತ್ರೀಯರು ವಹಿಸಿದ ಪಾತ್ರವನ್ನು ಚರಿತ್ರಕಾರರು ಬಹುಕಾಲ ಅಡಿಟಿಪ್ಪಣಿಗೆ ತಳ್ಳಿದ್ದರು. ಗಂಡಸರು ಅವರ ಹೆಸರನ್ನು ಬಳಸಿಕೊಂಡರೆಂದಷ್ಟೇ ಹೇಳಿ ಮುಂದೆ ಸಾಗುವುದು ವಾಡಿಕೆ. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ.

ದೇಶೀಯ ಮ್ಯಾಜಿಸ್ಟ್ರೇಟನು ಕಲಕತ್ತೆಯಂತಹ ರಾಜಧಾನಿಯಲ್ಲಿ ಯೂರೋಪಿಯನ್ನರನ್ನು ವಿಚಾರಿಸಬಹುದಾಗಿತ್ತು. ಬಡ್ತಿ ಹೊಂದಿ ಜಿಲ್ಲೆಗೆ ಹೋದರೆ ಆ ಅಧಿಕಾರವಿಲ್ಲ. ಬಿಹಾರಿಲಾಲ್ ಗುಪ್ತರು 1882ರಲ್ಲಿ ಈ ವೈಚಿತ್ರ್ಯವನ್ನು ತೋರಿಸಿಕೊಟ್ಟರು. ಲಾರ್ಡ್ ರಿಪನ್ನರ ಸರ್ಕಾರವು ಮರುವರ್ಷದ ಫೆಬ್ರವರಿಯಲ್ಲಿ ಇದರ ಪರಿಹಾರಕ್ಕಾಗಿ ಮಸೂದೆಯನ್ನು ತಂದಿತು. ಕೂಲಿಗಳನ್ನು ಹೊಡೆದ ಮೊಕದ್ದಮೆಗಳು ದೇಶೀಯರ ಮುಂದೆ ಬಂದಾವೆಂಬ ಅಂಜಿಕೆ ನೀಲಿ ಮತ್ತು ಚಹಾ ತೋಟಗಳ ದೊರೆಗಳಿಗಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಶೋಭಿಸದು. ಆದುದರಿಂದ ಆಂಗ್ಲ ಸ್ತ್ರೀಯ ಮಾನವು ಮುಂದಕ್ಕೆ ಬಂದಿತು.

ಇಷ್ಟರಮಟ್ಟಿಗೆ ಸ್ತ್ರೀಯರು ನೆಪವಾದುದು ನಿಜ. ಆದರೆ ಅವರು ಸುಮ್ಮನೆ ಕುಳಿತಿರಲಿಲ್ಲ. ತಮ್ಮದೇ ಸಮಿತಿಯನ್ನು ಕಟ್ಟಿದರು. ಸಹಸ್ರಾರು ಸಹಿಗಳುಳ್ಳ ಬಿನ್ನವತ್ತಳೆಯನ್ನು ಸಿದ್ಧಪಡಿಸಿದರು. ಇವರ ವಾದವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಮಂಡಿಸಿದವರು ಶ್ರೀಮತಿ ಅನೆಟ್ ಬೆವರಿಜ್. ಈಕೆ ಸಾಮಾನ್ಯ ದೊರೆಸಾನಿಯಲ್ಲ. ವಂಗೀಯ ಸ್ತ್ರೀಯರಿಗೆ ವಿದ್ಯೆ ಕಲಿಸುವ ಸಂಕಲ್ಪದಿಂದ 1872ರಲ್ಲಿ ಬಂದು, ಮರುವರ್ಷ ಕಲಕತ್ತೆಯಲ್ಲಿ ಹಿಂದೂ ಮಹಿಳಾ ವಿದ್ಯಾಲಯವನ್ನು ತೆರೆದವರು. ಪತಿ ಹೆನ್ರಿ ಬೆವರಿಜ್ಜರು ಮಸೂದೆಯ ಪಕ್ಷಪಾತಿಗಳು! ಹೀಗಿದ್ದೂ ಆಕೆ 1883ರ ಮಾರ್ಚಿಯಲ್ಲಿ 'ಇಂಗ್ಲಿಷ್‌ಮನ್' ಪತ್ರಿಕೆಗೆ ಬರೆದರು. ತನ್ನ ವಿರೋಧಕ್ಕೆ ಜನಾಂಗದ ಗರ್ವ ಕಾರಣವಲ್ಲ, ಸ್ತ್ರೀತ್ವದ ಅಭಿಮಾನ ಕಾರಣ. ಸ್ವಂತ ಸ್ತ್ರೀಯರನ್ನೇ ಉದ್ಧರಿಸದ ಪುರುಷರು ನಾಗರಿಕ ಸ್ತ್ರೀಯರಿಗೆ ನ್ಯಾಯ ಹೇಳಕೂಡದು ಎಂಬುದು ಆ ಪತ್ರದ ತಾತ್ಪರ್ಯ.

ಈ ವಾದದ ಚಮತ್ಕಾರವನ್ನು ಗಮನಿಸಬೇಕು. ದೇಶೀಯ ಸ್ತ್ರೀಯ ಮೇಲಿನ ಕನಿಕರವೇ ಇಲ್ಲಿ ಬಿಳಿಯರ ವಿಶೇಷಾಧಿಕಾರಕ್ಕೆ ಆಧಾರವಾಗುತ್ತದೆ. ಆ ಸ್ತ್ರೀಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಹೇಳಬಲ್ಲವರು ಸಮೀಪದಲ್ಲಿಯೇ ಇದ್ದರು. ಅದೇ 1883ರಲ್ಲಿ ಕಾದಂಬಿನಿ ಬಸು, ಚಂದ್ರಮುಖಿ ಬಸು ಇಬ್ಬರೂ ಕಲಕತ್ತೆಯಲ್ಲಿ ಬಿ.ಎ. ಪದವಿಯನ್ನು ಪಡೆದರು, ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಟ್ಟುದು 1948ರಲ್ಲಿ. ಕಾದಂಬಿನಿಯು ಓದಿದ ಬಂಗ ಮಹಿಳಾ ವಿದ್ಯಾಲಯವಾದರೋ ಅನೆಟ್ ತೆರೆದ ಶಾಲೆಯ ಉತ್ತರಾಧಿಕಾರಿಯೇ ಆಗಿತ್ತು. ತಾನೇ ಬಿತ್ತಿದ ಬೆಳೆಯನ್ನು ಆಕೆ ಲೆಕ್ಕಕ್ಕೆ ಹಿಡಿಯಲಿಲ್ಲವೆಂಬುದನ್ನು ಅಜ್ಞಾನವೆಂದು ಕ್ಷಮಿಸುವುದು ಕಷ್ಟ. ಗುಲ್‌ಬದನ್ ಬೇಗಮಳ 'ಹುಮಾಯೂನ್ ನಾಮಾ'ವನ್ನು 1902ರಲ್ಲಿ ಇಂಗ್ಲಿಷಿಗೆ ತಂದ ವಿದುಷಿಯೂ ಇದೇ ಅನೆಟ್. ಆ ಪಾಂಡಿತ್ಯಕ್ಕೆ ಸಲ್ಲುವ ಗೌರವ ಸಲ್ಲಲಿ. ಪತ್ರದ ಹೊಣೆ ಅದರಿಂದ ತಗ್ಗದು.

1884ರ ಜನವರಿಯಲ್ಲಿ ಮಸೂದೆಯು ಕುಂಟುತ್ತ ಶಾಸನವಾಯಿತು. ಯೂರೋಪಿಯನ್ ಆಪಾದಿತನು ಜ್ಯೂರಿಯನ್ನು ಬೇಡಬಹುದು, ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಯೂರೋಪಿಯನ್ನರು ಅಥವಾ ಅಮೆರಿಕನ್ನರು ಇರತಕ್ಕದ್ದು ಎಂದಾಯಿತು. ಕ್ರಿಮಿನಲ್ ಕಾನೂನಿನಲ್ಲಿದ್ದ ಈ ಬಗೆಯ ಭೇದಗಳು 1923ರಲ್ಲಿ ತಗ್ಗಿ, ಸ್ವತಂತ್ರ ಭಾರತದ 1949ರ ಶಾಸನದಿಂದ ಅಳಿದುವು.