ಬೆಂಗಳೂರಿಗೆ ರಜೆ ಟ್ರಿಪ್ಪಾ? ಎಚ್‌ಎಎಲ್ ಮ್ಯೂಸಿಯಂನಲ್ಲಿ ‘ಮರುತ್’ ಮುಂದೆ ಸ್ವಲ್ಪ ಹೊತ್ತು ನಿಲ್ಲಿ

ಕೊಳ್ಳೇಗಾಲ: ರಜೆ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರ ಬೆಂಗಳೂರು ಟ್ರಿಪ್ಪಿನ ಪಟ್ಟಿ ಹೆಚ್ಚೂಕಮ್ಮಿ ಒಂದೇ. ಬನ್ನೇರುಘಟ್ಟ, ಲಾಲ್‌ಬಾಗ್, ವಿಧಾನಸೌಧದ ಮುಂದೆ ಒಂದು ಫೋಟೊ, ಸಂಜೆಗೊಂದು ಮಾಲ್. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ಎಚ್‌ಎಎಲ್ ವಿಮಾನ ಮ್ಯೂಸಿಯಂ ಆ ಪಟ್ಟಿಯಲ್ಲಿ ಇರೋದು ಕಡಿಮೆ. 2001ರಲ್ಲಿ ಶುರುವಾದ ಜಾಗ ಇದು. ಹೋದವರೂ ಮಿಗ್ ಪಕ್ಕ ನಿಂತು ಸೆಲ್ಫಿ ತಗೊಂಡು ಅರ್ಧ ಗಂಟೆಯಲ್ಲಿ ಆಚೆ ಬಂದುಬಿಡ್ತಾರೆ. ಅಲ್ಲಿ ನಿಂತಿರುವ ವಿಮಾನಗಳ ಕತೆ ಗೊತ್ತಿದ್ದರೆ ಅಷ್ಟು ಬೇಗ ಹೊರಡೋಕೆ ಮನಸ್ಸಾಗಲ್ಲ.

ಈ ಕತೆ ಶುರುವಾಗೋದು ನಾವು ಹೋಗುವ ದಾರಿಯಲ್ಲೇ. ಸತ್ತೇಗಾಲ ಹ್ಯಾಂಡ್‌ಪೋಸ್ಟ್ ಬಿಟ್ಟು ಕಾವೇರಿ ದಾಟುವಾಗ ಪಕ್ಕದಲ್ಲೇ ಶಿವನಸಮುದ್ರ. 1902ರಿಂದ ಅಲ್ಲಿ ವಿದ್ಯುತ್ ತಯಾರಾಗುತ್ತಿದೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆ ಸೇರಿ ವಿಮಾನ ಕಾರ್ಖಾನೆ ಕಟ್ಟಲು ಬೆಂಗಳೂರನ್ನು ಆರಿಸಿಕೊಂಡರು. ಜಲವಿದ್ಯುತ್, ಭದ್ರಾವತಿಯ ಉಕ್ಕು, ಟಾಟಾ ಇನ್‌ಸ್ಟಿಟ್ಯೂಟ್ ಮೂರೂ ಮೈಸೂರು ಸೀಮೆಯಲ್ಲೇ ಇದ್ದವು. ಸಂಸ್ಥಾನ 700 ಎಕರೆ ಜಾಗ ಕೊಟ್ಟಿತು.

ಇಲ್ಲೊಂದು ತಮಾಷೆ ಇದೆ. ಆಗ ಯಳಂದೂರು ಮೈಸೂರಿನದು. ಕೊಳ್ಳೇಗಾಲ, ಅದರೊಳಗಿದ್ದ ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಯವು. 1956ರವರೆಗೂ ಹಾಗೇ. ಅಂದರೆ ವಿಮಾನ ಕಾರ್ಖಾನೆ ಯಳಂದೂರಿನವರಿಗೆ ‘ನಮ್ಮ ಸರ್ಕಾರದ್ದು’, ಕೊಳ್ಳೇಗಾಲದವರಿಗೆ ಪಕ್ಕದ ರಾಜ್ಯದ್ದು! ಆದರೂ ಅದೇ ಯುದ್ಧಕಾಲದಲ್ಲಿ ಪ್ಯಾರಾಚೂಟ್ ಬಟ್ಟೆಗೆ ರೇಷ್ಮೆ ಬೇಕಾಗಿ ನಮ್ಮ ಕಡೆಯ ಗೂಡು, ನೂಲಿಗೆ ಬೇಡಿಕೆ ಏರಿತ್ತು.

ಮ್ಯೂಸಿಯಂ ಒಳಗೆ ಮೊದಲು ಎಚ್‌ಟಿ-2 ನೋಡಿ. ಪುಟ್ಟ ತರಬೇತಿ ವಿಮಾನ. ಡಾ. ವಿ.ಎಂ. ಘಾಟ್ಗೆ ವಿನ್ಯಾಸ ಮಾಡಿದ್ದು, 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿತು. ಪಕ್ಕದ ಕಿರಣ್ ಕೂಡ ತರಬೇತಿಯದೇ. ಬೀದರ್‌ನ ಸೂರ್ಯಕಿರಣ ತಂಡ 2011ರವರೆಗೆ ಆಕಾಶದಲ್ಲಿ ಕಸರತ್ತು ಮಾಡುತ್ತಿದ್ದುದು ಇದರ ಎರಡನೇ ಮಾದರಿಯಲ್ಲಿ. ಮಿಗ್-21 ಬಗ್ಗೆ ಹೇಳಬೇಕಾಗಿಲ್ಲ, 2025ರ ಸೆಪ್ಟೆಂಬರ್ 26ರಂದು ವಾಯುಪಡೆ ಅದನ್ನು ಬೀಳ್ಕೊಟ್ಟಿದ್ದು ಎಲ್ಲರ ಮೊಬೈಲಿಗೂ ಬಂದಿತ್ತು.

ನಿಜವಾಗಿ ನಿಲ್ಲಬೇಕಾದ್ದು ಎಚ್‌ಎಫ್-24 ಮರುತ್ ಮುಂದೆ. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಇದು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕೆ-ವುಲ್ಫ್ ವಿಮಾನ ಮಾಡಿಕೊಟ್ಟ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರ್‌ಗಳ ಜತೆ ಕೂತು ರೂಪಿಸಿದ್ದು. 1961ರ ಜೂನ್ 17ರಂದು ಹಾರಿತು. ಮೂತಿ ಚೂಪು, ಮೈ ಸಪೂರ, ನೋಡಿದರೇ ವೇಗ ಗೊತ್ತಾಗುತ್ತೆ. ಲೆಕ್ಕ ಹಾಕಿದ್ದು ಶಬ್ದದ ಎರಡು ಪಟ್ಟು ವೇಗಕ್ಕೆ. ಆದರೆ ಶಬ್ದದ ವೇಗ ಮುಟ್ಟೋದೇ ಅದಕ್ಕೆ ಕಷ್ಟವಾಯಿತು.

ಕಾರಣ ಎಂಜಿನ್. ವಿನ್ಯಾಸ ಮಾಡಿದ್ದು ಬ್ರಿಟನ್ನಿನ ಶಕ್ತಿಶಾಲಿ ಆರ್ಫಿಯಸ್ ಮಾದರಿಯೊಂದನ್ನು ನಂಬಿ. ಅದಕ್ಕೆ ಆಫ್ಟರ್‌ಬರ್ನರ್ ಇರಬೇಕಿತ್ತು: ಹಿಂದಿನಿಂದ ನುಗ್ಗುವ ಬಿಸಿ ಗಾಳಿಗೆ ಮತ್ತೆ ಇಂಧನ ಚಿಮ್ಮಿಸಿ ಉರಿಸಿ ಹೆಚ್ಚು ತಳ್ಳುಬಲ ಪಡೆಯುವ ವ್ಯವಸ್ಥೆ. ಬ್ರಿಟನ್ನಿಗೆ ಆ ಎಂಜಿನ್ ಬೇಡವಾಯಿತು, ಅಭಿವೃದ್ಧಿಯ ಖರ್ಚು ನೀವೇ ಕೊಡಿ ಅಂದಾಗ ನಮ್ಮವರು ಕೊಡಲಿಲ್ಲ. ಈಜಿಪ್ಟಿನ ಎಂಜಿನ್ ಹಾಕಿ ನೋಡಿದ್ದೂ ಕೈಗೂಡಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಆರ್ಫಿಯಸ್ 703 ಎರಡು ಕೂರಿಸಿ ಕೆಲಸ ಸಾಗಿಸಿದರು. ಹತ್ತು ಚಕ್ರದ ಲಾರಿಗೆ ಟ್ರ್ಯಾಕ್ಟರ್ ಎಂಜಿನ್ ಹಾಕಿ ಮಾದಪ್ಪನ ಬೆಟ್ಟದ ಘಾಟಿ ಹತ್ತಿಸಿದ ಹಾಗೆ.

ಆದರೂ 147 ಮರುತ್ ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು, ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಇದನ್ನು ಬರೀ ‘ಫೇಲಾದ ವಿಮಾನ’ ಅನ್ನೋರು ಅದನ್ನೂ ಸೇರಿಸಿ ಹೇಳಬೇಕು.

ಮೊದಲ ಸಲ ಮರುತ್ ಹಾರಿಸಿದವರು ಸುರಂಜನ್ ದಾಸ್. ಆಫ್ಟರ್‌ಬರ್ನರ್ ಜೋಡಿಸಿದ ಮರುತ್ ಪರೀಕ್ಷಿಸುವಾಗಲೇ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಬೈಯಪ್ಪನಹಳ್ಳಿ ಕಡೆಯಿಂದ ಎಚ್‌ಎಎಲ್‌ಗೆ ಬರುವ ರಸ್ತೆಗೆ ಅವರದೇ ಹೆಸರು. ಆಟೋದಲ್ಲಿ ಬರುವಾಗ ಬೋರ್ಡ್ ನೋಡಿ ಮಕ್ಕಳಿಗೆ ಯಾರೆಂದು ಹೇಳಬಹುದು.

ಇಷ್ಟು ತಿಳಿದುಕೊಂಡು ಎಂಜಿನ್‌ಗಳಿರುವ ಹಾಲ್‌ಗೆ ಹೋಗಿ. ಜನ ಬೇಗ ದಾಟಿ ಹೋಗೋದು ಇಲ್ಲೇ. ಆದರೆ ಇವತ್ತಿನ ಸುದ್ದಿಯೂ ಇಲ್ಲೇ ಇದೆ. ವಾಯುಪಡೆಗೆ 83 ತೇಜಸ್ ಮಾರ್ಕ್-1ಎ ವಿಮಾನಗಳ ಆರ್ಡರ್ 2021ರಲ್ಲೇ ಆಗಿತ್ತು. ಅವಕ್ಕೆಂದು ಅಮೆರಿಕದ ಜಿಇ ಕಂಪನಿಗೆ ಹೇಳಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದಿದ್ದು 2025ರ ಮಾರ್ಚ್‌ನಲ್ಲಿ. ವಿಮಾನ ನಮ್ಮದು, ಎಂಜಿನ್‌ಗೆ ಇನ್ನೂ ಕಾಯೋದೇ.

ಐಟಿಐ, ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರಿದ್ದರೆ ಖಂಡಿತ ಕರೆದುಕೊಂಡು ಹೋಗಿ. ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಆದವರನ್ನು ಎಚ್‌ಎಎಲ್ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತೆ. ವಿಮಾನ ಅಂದರೆ ಪೈಲಟ್ ಒಬ್ಬನೇ ಅಲ್ಲ ಅನ್ನೋದು ಅಲ್ಲಿನ ಹಳೇ ಫೋಟೊಗಳಲ್ಲಿ ಲೇತ್ ಮುಂದೆ ನಿಂತವರನ್ನು ನೋಡಿದರೆ ತಿಳಿಯುತ್ತೆ.

ಹೋಗೋದು ಹೇಗೆ? ಕೊಳ್ಳೇಗಾಲದಿಂದ ಮಳವಳ್ಳಿ, ಕನಕಪುರ ಮೇಲೆ ಹತ್ತಿರ ಹತ್ತಿರ 140 ಕಿ.ಮೀ., ಹನೂರಿನವರಿಗೆ ಇನ್ನೊಂದು 25 ಸೇರಿಸಿ. ನಮಗೆ ರೈಲಂತೂ ಇಲ್ಲ. ಕನಕಪುರ ರಸ್ತೆಯಲ್ಲಿ ಬರುವವರು ರೇಷ್ಮೆ ಸಂಸ್ಥೆ ಸ್ಟಾಪಿನಲ್ಲಿ ಇಳಿದು ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಬೈಯಪ್ಪನಹಳ್ಳಿಯಲ್ಲಿ ಇಳಿದರೆ ಟ್ರಾಫಿಕ್ ತಪ್ಪುತ್ತೆ. ವಿಮಾನಗಳು ಬಯಲಲ್ಲಿ ನಿಂತಿವೆ, ಬೇಸಿಗೆಯಲ್ಲಿ ಮಕ್ಕಳಿಗೆ ಟೋಪಿ, ನೀರು ಇರಲಿ. ಪ್ರವೇಶಕ್ಕೆ ಟಿಕೆಟ್ ಇದೆ, ಸಿಮ್ಯುಲೇಟರ್‌ಗೆ ಬೇರೆ ದುಡ್ಡು. ತೆರೆದಿರುವ ಸಮಯ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಸಂಜೆ ಕನಕಪುರ ರಸ್ತೆ ತುಂಬುವ ಮೊದಲೇ, ಮೂರೂವರೆ ಒಳಗೆ ವಾಪಸ್ ಹೊರಟರೆ ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು.